ಮೊಹರು ಪುಟ್ಟಲಿಂಗಯ್ಯ

ಕಬ್ಬಾಳಿನಲ್ಲಿ ಬರೀ ಪುಟ್ಟಲಿಂಗಯ್ಯ ಎಂದು ಕೇಳಿದರೆ "ಯಾವ ಪುಟ್ಟಲಿಂಗಯ್ಯ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಮೊಹರು ಪುಟ್ಟಲಿಂಗಯ್ಯ ಎಂದಿರೋ, ಕೈಹಿಡಿದು ಮನೆ ಬಾಗಿಲವರೆಗೆ ತಂದು ಬಿಡುತ್ತಾರೆ. ಆ ಹೆಸರನ್ನು ಯಾರೋ ತಮಾಷೆಗೆ ಕಟ್ಟಿದ್ದು. ಪುಣ್ಯಾತ್ಮ ಅದನ್ನು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡು ಎಂಟು ವರ್ಷ ತಿರುಗಿದ. ಆಮೇಲೆ ಕಿತ್ತು ಬಿಸಾಡೋಣವೆಂದರೆ ಊರು ಬಿಡಬೇಕಲ್ಲ!

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಸುತ್ತಲ ನಾಲ್ಕೂ ತಾಲ್ಲೂಕುಗಳಲ್ಲಿ ರಾಗಿ ಹೊಲಗಳಿಗೆಲ್ಲ ಹಿಪ್ಪುನೇರಳೆ ಕಡ್ಡಿ ಊರುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದವನು ಹೊಸ ಪಂಚೆ ಉಟ್ಟುಕೊಂಡೇ ಬರುತ್ತಿದ್ದ. ಪುಟ್ಟಲಿಂಗಯ್ಯನೂ ಅಪ್ಪನ ಕಾಲದ ಕುರಿಗಳನ್ನು ದಾಯಾದಿಗಳಿಗೆ ಒಪ್ಪಿಸಿ, ಕುರಿಹಟ್ಟಿಯನ್ನು ಸಾರಿಸಿ ಸುಣ್ಣ ಬಳಿದು ಹುಳದ ಮನೆ ಮಾಡಿಕೊಂಡ. ಎರಡನೇ ವರ್ಷವೇ ಏಟು ಬಿತ್ತು.

ರೇಷ್ಮೆ ಮೊಟ್ಟೆಯನ್ನು ಸರ್ಕಾರದ ಬಿತ್ತನೆ ಕೋಠಿಯಿಂದ ತರಬೇಕು. ಅಲ್ಲಿ ತಾಯಿ ಚಿಟ್ಟೆಯನ್ನು ಪರೀಕ್ಷೆ ಮಾಡಿ, ರೋಗವಿಲ್ಲದ ಮೊಟ್ಟೆಯ ಹಾಳೆಗೆ ಮೂಲೆಯಲ್ಲಿ ನೇರಳೆ ಮಸಿಯ ದುಂಡು ಮೊಹರು ಒತ್ತಿ ಕೊಡುತ್ತಾರೆ. ಆ ಸಲ ಕೋಠಿಯಲ್ಲಿ ಸರದಿ ಉದ್ದವಿತ್ತು. ಸೈಕಲ್ಲಿನಲ್ಲಿ ಬಂದ ಯಾವನೋ ಒಬ್ಬ ಮೊಹರಿಲ್ಲದ ಹಾಳೆ ಬಿಚ್ಚಿ, "ಅದೇ ಮೊಟ್ಟೆ ಯಜಮಾನ್ರೇ, ಒಸಿನೂ ವ್ಯತ್ಯಾಸ ಇಲ್ಲ" ಎಂದ. ಇವನು ನಂಬಿದ. ಹುಳ ಎದ್ದವು, ಚೆನ್ನಾಗಿ ಮೇದವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ; ನಾಲ್ಕನೇ ಜ್ವರ ಮುಗಿಸಿ ಎದ್ದ ಮೇಲೆ, ಇನ್ನೇನು ವಾರದಲ್ಲಿ ಗೂಡು ಕಟ್ಟಬೇಕು ಎನ್ನುವಾಗ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಅಂಟಿ ಬರುವ ಗಂಟು ರೋಗ ಬಡಿಯಿತು. ಮೂರು ದಿನದಲ್ಲಿ ಅಷ್ಟೂ ತಟ್ಟೆಗಳನ್ನು ತಿಪ್ಪೆಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಅವನ ಹೆಂಡತಿ ತಿಮ್ಮಮ್ಮ ಗುಂಡಿಯ ಅಂಚಿನಲ್ಲಿ ಕೂತು ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತಳು.

"ಅಳಬ್ಯಾಡ ಕಣಮ್ಮಿ," ಎಂದ ಪುಟ್ಟಲಿಂಗಯ್ಯ. "ಇನ್ಮ್ಯಾಕೆ ನಾನು ಮೊಹರು ನೋಡ್ದೆ ಈ ಮನೆ ಒಳಕ್ಕೆ ಏನೂ ಬರಾಕಿಲ್ಲ. ಇದು ನನ್ನ ಮಾತು."

ತಿಮ್ಮಮ್ಮ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಳು. ಅವನೂ ಉಳಿಸಿಕೊಂಡ, ಇಲ್ಲವೆನ್ನುವ ಹಾಗಿಲ್ಲ. ಕೋಠಿಯ ಮೊಹರು ಯಾವುದು, ಕಳ್ಳ ಮೊಹರು ಯಾವುದು, ತಾರೀಖು ತಿದ್ದಿದ್ದು ಯಾವುದು, ಎಲ್ಲವನ್ನೂ ಕಲಿತ. ಹಾಳೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಕ್ಷರ ಅಕ್ಷರ ತಾಳೆ ನೋಡುತ್ತಿದ್ದ. ಅವನಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ, ಅದೂ ಎಳೆದೆಳೆದು. ಆದರೆ ಒಂದು ಗುರುತಿಗೂ ಇನ್ನೊಂದು ಗುರುತಿಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದುಬಿಡುತ್ತಿದ್ದ. ಊರಿನವರೆಲ್ಲ ಮೊಟ್ಟೆ ತಂದವರು ಮೊದಲು ಇವನ ಜಗಲಿಗೆ ಬಂದು ಹಾಳೆ ತೋರಿಸಿ, ಇವನು "ಹೂಂ" ಎಂದ ಮೇಲೆಯೇ ಮನೆಗೆ ಒಯ್ಯುವ ರೂಢಿಯಾಯಿತು. ಪಕ್ಕದ ಮನೆಯ ಅಂಕಯ್ಯ, ಚಿಕ್ಕಂದಿನಿಂದಲೂ ಜೊತೆಗಾರ, ಆಗಾಗ ಕಿಚಾಯಿಸುತ್ತಿದ್ದ: "ಲೇ, ನಿನ್ನ ಮದುವೆ ದಿನ ತಿಮ್ಮಕ್ಕನ ಮ್ಯಾಲೂ ಮೊಹರು ಹುಡುಕಿದ್ದೇನ್ಲಾ?" ಪುಟ್ಟಲಿಂಗಯ್ಯ ನಗುತ್ತಿದ್ದ. ಅವನಿಗೆ ಒಳಗೊಳಗೇ ಹೆಮ್ಮೆ.

ತಿಮ್ಮಮ್ಮನಿಗೆ ಮೂರ್ಛೆ ಶುರುವಾದದ್ದು ಆ ನಡುವೆ. ಮೊದಲ ಸಲ ಬಾವಿಕಟ್ಟೆಯಲ್ಲಿ ಬಿದ್ದಳು, ಎರಡನೇ ಸಲ ತೋಟದಲ್ಲಿ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು, ಕಬ್ಬಾಳಮ್ಮನಿಗೆ ಹರಕೆ ಹೊತ್ತರು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ಚೀಟಿ ಬರೆದುಕೊಟ್ಟರು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ದೀಪದ ಗುರುತಿತ್ತು, ಹಾಗಾಗಿ ಮನೆಯಲ್ಲಿ ಅದು ದೀಪದ ಮಾತ್ರೆಯಾಯಿತು. ಬೆಳಿಗ್ಗೆ ಒಂದು, ಸಂಜೆ ಎರಡು. ಒಂದು ದಿನವೂ ತಪ್ಪಿಸಬಾರದು ಎಂದು ಆ ಡಾಕ್ಟರು ಮೂರು ಸಲ ಹೇಳಿದ್ದರು. ದೀಪದ ಮಾತ್ರೆ ನುಂಗತೊಡಗಿದ ಮೇಲೆ ನಾಲ್ಕು ವರ್ಷ ತಿಮ್ಮಮ್ಮ ಒಮ್ಮೆಯೂ ಬೀಳಲಿಲ್ಲ.

ಆ ನಾಲ್ಕು ವರ್ಷದಲ್ಲಿ ಅವಳ ಕೈಗೆ ಊರಲ್ಲಿ ಸಾಟಿಯಿರಲಿಲ್ಲ. ಹುಳ ಹಣ್ಣಾದಾಗ, ಅಂದರೆ ಮೇವು ಬಿಟ್ಟು ಮೈ ತಿಳಿಯಾಗಿ ಗೂಡು ಕಟ್ಟಲು ಸಿದ್ಧವಾದಾಗ, ಒಂದೊಂದನ್ನೇ ಆರಿಸಿ ಚಂದ್ರಂಕಿ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಒಸಿ ಗಟ್ಟಿಯಾಗಿ ಹಿಡಿದರೆ ಹುಳ ಹೋಯಿತು, ತಡಮಾಡಿದರೆ ನೂಲೆಲ್ಲ ತಟ್ಟೆಗೇ ಹೋಯಿತು. ತಿಮ್ಮಮ್ಮನ ಬಲಗೈ ತಟ್ಟೆಯ ಮೇಲೆ ಆಡುತ್ತಿದ್ದರೆ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು.

ಎಂಬತ್ತೇಳರ ಚಳಿಗಾಲ. ಹುಳ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪನ್ನು ಮಳೆ ಸದ್ದಿನ ಹಾಗೆ ಮೇಯುತ್ತಿದ್ದವು. ಆ ಗದ್ದಲದಲ್ಲಿ ಯಾರ ಲಕ್ಷ್ಯವೂ ಇಲ್ಲದೆ ಮಾತ್ರೆಯ ಪಟ್ಟಿ ಸೋಮವಾರ ಸಂಜೆಗೆ ಖಾಲಿಯಾಯಿತು.

ಮಂಗಳವಾರ ಬೆಳಿಗ್ಗೆ ಪುಟ್ಟಲಿಂಗಯ್ಯ ಕನಕಪುರಕ್ಕೆ ಹೋದ. ಚನ್ನಲಿಂಗಪ್ಪನವರ ಮೆಡಿಕಲ್ ಶಾಪಿನಲ್ಲಿ ನಾಲ್ಕು ವರ್ಷದಿಂದ ಖಾತ್ರಿಯಾಗಿ ಸಿಗುತ್ತಿದ್ದದ್ದು ಅವತ್ತು ಇರಲಿಲ್ಲ.

"ಮಾಲು ಬಂದಿಲ್ಲ ಪುಟ್ಟಲಿಂಗಯ್ಯನೋರೇ, ಇನ್ನೂ ಎಂಟು ದಿನ ಆಗ್ಬಹುದು," ಎಂದರು ಚನ್ನಲಿಂಗಪ್ಪ. ಹಿಂದಿನ ಕಪಾಟಿನಿಂದ ಬೇರೆ ಪಟ್ಟಿಯೊಂದನ್ನು ತೆಗೆದು ಗಾಜಿನ ಮೇಲೆ ಇಟ್ಟರು. "ಇದು ತಗೊಂಡು ಹೋಗಿ. ಕಂಪನಿ ಬೇರೆ ಅಷ್ಟೆ, ಒಳಗಿರೋ ಮದ್ದು ಅದೇ. ಫೆನಿಟಾಯಿನ್ ಅಂತ. ಅದೂ ನೂರು ಮಿಲಿಗ್ರಾಂ, ಇದೂ ನೂರು. ಬೆಲೆನೂ ಅರ್ಧ."

ಅದೇ ಮದ್ದು, ಬೆಲೆ ಅರ್ಧ. ಪುಟ್ಟಲಿಂಗಯ್ಯನ ಕಿವಿಗೆ ಸೈಕಲ್ಲಿನವನೇ ಎದುರು ನಿಂತು ಮಾತಾಡಿದ ಹಾಗಾಯಿತು.

"ಎಲ್ಲಾ ಮೊಟ್ಟೆನೂ ನೋಡಾಕೆ ಒಂದೇ ಥರಾ ಇರ್ತವೆ ಸ್ವಾಮಿ," ಎಂದ ಅವನು. "ನಾಕನೇ ಜ್ವರ ಆದ್ಮ್ಯಾಲೆ ಗೊತ್ತಾಗದು."

"ಇದು ಮೊಟ್ಟೆ ಅಲ್ಲ ಮಾರಾಯ್ರೇ. ಬೇಕಾದ್ರೆ ಪಕ್ಕದ ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರಮ್ಮನ್ನ ಒಂದ್ಮಾತು ಕೇಳ್ಕೊಂಡು ಬನ್ನಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಕೇಳಬಹುದಿತ್ತು. ಆಸ್ಪತ್ರೆ ಕೂಗಳತೆಯಲ್ಲಿತ್ತು. ಆದರೆ ಊರಿಗೆಲ್ಲ ತಾನು ನೋಡಿ ಹೇಳುವವನು, ತನಗೆ ಇನ್ನೊಬ್ಬರು ಹೇಳುವುದೇನು ಎನ್ನುವ ಗತ್ತು ಒಂದಿತ್ತಲ್ಲ! ಪಟ್ಟಿಯನ್ನು ಕೈಯಲ್ಲಿ ಮುಟ್ಟಲೂ ಇಲ್ಲ. "ಬ್ಯಾಡ ಬುಡಿ, ದೀಪದ್ದೇ ಹುಡುಕ್ತೀನಿ" ಎಂದು ಇಳಿದು ಬಂದ. ಅವತ್ತು ಸಂಜೆ ಹೆಂಡತಿಗೆ ಹೇಳಿದ್ದು ಇಷ್ಟೇ: "ಅಸಲಿ ಮಾಲು ಸಿಗಲಿಲ್ಲ. ನಾಳೀಕೆ ಚನ್ನಪಟ್ಟಣದ ಕಡೀಕೆ ಹೋಯ್ತೀನಿ. ಯಾರು ಏನು ಕೊಟ್ರೂ ನುಂಗಬ್ಯಾಡ, ನಾನು ನೋಡ್ಬೇಕು."

"ಆಯ್ತು," ಎಂದಳು ತಿಮ್ಮಮ್ಮ. ಹುಳಕ್ಕೆ ಸೊಪ್ಪು ಹಾಕುತ್ತಲೇ ಹೇಳಿದಳು, ತಿರುಗಿ ಕೂಡ ನೋಡಲಿಲ್ಲ. ಅಷ್ಟು ನಂಬಿಕೆ.

ಬುಧವಾರ ಚನ್ನಪಟ್ಟಣದಲ್ಲಿ ಮೂರು ಅಂಗಡಿ ಸುತ್ತಿದ. ಮೂರರಲ್ಲೂ ದೀಪದ್ದು ಇಲ್ಲ, ಮೂರರಲ್ಲೂ "ಅದೇ ಮದ್ದು" ಇತ್ತು. ರಾಮನಗರದಲ್ಲೂ ಅದೇ ರಾಗ. ಒಬ್ಬ ಅಂಗಡಿಯವನು ರೇಗಿಯೇ ಬಿಟ್ಟ: "ಕಾಯಿಲೆ ವಾಸಿ ಆಗ್ಬೇಕೋ, ಚಿತ್ರ ನೋಡ್ಬೇಕೋ ನಿಮಗೆ?" ಪುಟ್ಟಲಿಂಗಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ರಾತ್ರಿ ಅಲ್ಲೇ ತಂಗಿಯ ಮನೆಯಲ್ಲಿ ಉಳಿದು, ಗುರುವಾರ ಮೊದಲನೇ ಬಸ್ಸಿಗೆ ಮಾಗಡಿಗೆ ಹೋದ. ಹುಳ ಹಣ್ಣಾಗುವುದು ಶುಕ್ರವಾರಕ್ಕೆ ಎಂದು ಅವನ ಅಂದಾಜು. ಹುಳದ ವಿಷಯದಲ್ಲಿ ಅದುವರೆಗೆ ಅವನ ಅಂದಾಜು ತಪ್ಪಿರಲಿಲ್ಲ.

ಮಾಗಡಿಯ ಪೇಟೆ ಬೀದಿಯ ಸಣ್ಣ ಅಂಗಡಿಯಲ್ಲಿ ಸಿಕ್ಕಿತು ನೋಡಿ! ಧೂಳು ಹಿಡಿದ ಡಬ್ಬಿಯಲ್ಲಿ ಎರಡು ಪಟ್ಟಿ. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡಿದ. ಕೆಂಪು ದೀಪ, ತಾರೀಖು, ಎಲ್ಲ ಸರಿಯಿತ್ತು. ಎದೆ ಹಗುರಾಯಿತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅಂಗಿಯ ಒಳಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ನಾಲ್ಕು ತಾಲ್ಲೂಕು ಸುತ್ತಿ ಅಸಲಿಯನ್ನೇ ತಂದೆ ಎಂದು ಅಂಕಯ್ಯನಿಗೆ ಹೇಳಬೇಕು ಅಂದುಕೊಂಡ.

ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ಅಂಕಯ್ಯನೇ ನಿಂತಿದ್ದ. ರಾಮನಗರದ ಕಡೆಯಿಂದ ಬಂದ ಒಂದೊಂದು ಬಸ್ಸಿಗೂ ಎದ್ದು ಬಂದು ಇಣುಕುತ್ತಿದ್ದನಂತೆ, ಮಧ್ಯಾಹ್ನದಿಂದ.

"ಇಳಿಯಲಾ ಕೆಳಕ್ಕೆ," ಎಂದ ಅಂಕಯ್ಯ. ಅವನ ಮುಖದಲ್ಲಿ ಕಿಚಾಯಿಸುವ ನಗೆ ಇರಲಿಲ್ಲ.

ಆದದ್ದನ್ನು ಅಂಕಯ್ಯ ದಾರಿಯಲ್ಲಿ ನಡೆಯುತ್ತಾ ಹೇಳಿದ. ಹುಳ ಒಂದು ದಿನ ಮುಂಚೆಯೇ ಹಣ್ಣಾಗಿದ್ದವು. ನೆರೆಹೊರೆಯವರೆಲ್ಲ ಆರಿಸಲು ಬಂದಿದ್ದರು. ಚಳಿಗೆ ಹುಳದ ಮನೆಯಲ್ಲಿ ಕೆಂಡದ ಬಾಂಡಲಿ ಇಟ್ಟಿದ್ದರಲ್ಲ, ಎಲ್ಲರೂ ಚಂದ್ರಂಕಿ ತರಲು ಹೊರಗೆ ಹೋದಾಗ ತಿಮ್ಮಮ್ಮ ಒಬ್ಬಳೇ ಅದಕ್ಕೆ ಇದ್ದಿಲು ಹಾಕಲು ಬಗ್ಗಿದ್ದಾಳೆ. ಆಗ ಬಂದಿದೆ ಮೂರ್ಛೆ. ಬಿದ್ದದ್ದು ಬಾಂಡಲಿಯ ಮೇಲೆ. ಎದುರು ಮನೆಯ ಮುನಿಯಮ್ಮ ಬಂದು ಎಳೆಯುವಷ್ಟರಲ್ಲಿ ಬಲಗೈ ಕೆಂಡದೊಳಗೇ ಇತ್ತು.

ಪುಟ್ಟಲಿಂಗಯ್ಯನಿಗೆ ಏನೂ ಅನಿಸಲಿಲ್ಲ. ದಾರಿಯಲ್ಲಿ ಚನ್ನಲಿಂಗಪ್ಪನವರ ಅಂಗಡಿ ಬಂತು, ಅದನ್ನೂ ದಾಟಿ ನಡೆದ. ಒಳಜೇಬನ್ನು ಇನ್ನೊಂದು ಸಲ ಮುಟ್ಟಿ ನೋಡಿಕೊಂಡ. ಬಸ್ಸಿನಲ್ಲಿ ಅಂಟಿದ ರೂಢಿ.

ಆಸ್ಪತ್ರೆಯಲ್ಲಿ ತಿಮ್ಮಮ್ಮ ಮಂಪರಿನಲ್ಲಿ ಮಲಗಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಬಟ್ಟೆ. ಮುನಿಯಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ತಿಮ್ಮಮ್ಮನ ಸೀರೆ ಮಡಿಸಿ ಇಟ್ಟುಕೊಂಡು. ಪುಟ್ಟಲಿಂಗಯ್ಯ ದೀಪದ ಮಾತ್ರೆಯ ಪಟ್ಟಿಗಳನ್ನು ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದ.

"ಇದು ಎಷ್ಟು ದಿನದಿಂದ ತಪ್ಪಿದೆ?" ಎಂದು ಕೇಳಿದರು ಅವರು.

"ಮೂರು ದಿನ ಆಯ್ತು ತಾಯಿ. ಸಿಗಲಿಲ್ಲ."

ಮುನಿಯಮ್ಮ ತಡೆದುಕೊಳ್ಳಲಾಗದೆ ಬಾಯಿ ಹಾಕಿದಳು. "ಸಿಕ್ಕಿತ್ತು ಕಣಣ್ಣ. ನಿನ್ನೆ ಹೊತ್ತಾರೆ ನರ್ಸಮ್ಮ ಕಾವೇರಮ್ಮ ಬಂದಿದ್ರು. ಇವಳು ಹಿಂಗಿಂಗೆ ಮಾತ್ರೆ ಮುಗ್ದೈತೆ ಅಂದ್ಲು. ಅವರು ಆರೋಗ್ಯ ಕೇಂದ್ರದಿಂದ ತರಿಸಿ, ಇವಳ ಕೈಲೇ ಕೊಟ್ಟು ಹೋದ್ರು. ಅದೇ ಮದ್ದು, ಈಗ್ಲೇ ನುಂಗು ಅಂತಾನೂ ಅಂದ್ರು. ನಾನೂ ಬಡ್ಕಂಡೆ, ನುಂಗಮ್ಮಿ ಅಂತ. 'ಅವ್ರು ಬಂದು ಮೊಹರು ನೋಡ್ಲಿ ಅಕ್ಕ, ಆಮ್ಯಾಕೆ ನುಂಗ್ತೀನಿ' ಅಂದ್ಲು. ಸೆರಗಿನಾಗೆ ಗಂಟು ಕಟ್ಕಂಡ್ಲು."

ಸೀರೆಯ ಸೆರಗಿನ ತುದಿಯನ್ನು ಹುಡುಕಿ ಮುನಿಯಮ್ಮ ಗಂಟು ಬಿಚ್ಚಿದಳು. ಬೆವರಿಗೆ ಮೆತ್ತಗಾಗಿದ್ದ ಒಂದು ಕಾಗದದ ಕವರು. ಒಳಗೆ ಹತ್ತು ಮಾತ್ರೆಯ ಪಟ್ಟಿ, ಒಂದೂ ಒಡೆದಿರಲಿಲ್ಲ. ಕವರಿನ ಮೂಲೆಯಲ್ಲಿ ಆರೋಗ್ಯ ಕೇಂದ್ರದ ಸರ್ಕಾರಿ ಮೊಹರು ಇತ್ತು. ದುಂಡಗೆ, ನೇರಳೆ ಮಸಿಯಲ್ಲಿ.

ಡಾಕ್ಟರಮ್ಮ ದೀಪದ ಪಟ್ಟಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು, ದೊಡ್ಡ ಹೆಸರಿನ ಕೆಳಗಿದ್ದ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು. "ಮದ್ದಿನ ಹೆಸರು ಇದು. ನೀವೇ ನೋಡಿ."

ಇಂಗ್ಲಿಷು ಅವನಿಗೆ ಬಾರದು. ಆದರೆ ತಾಳೆ ನೋಡುವುದು ಬರುತ್ತಿತ್ತು. ಪುಟ್ಟಲಿಂಗಯ್ಯ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ನೋಡಿದ. ಮೊದಲನೆಯದು ಅದೇ. ಎರಡನೆಯದು ಅದೇ. ಕೊನೆಯ ಅಕ್ಷರದವರೆಗೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿಲ್ಲ. ಮತ್ತೆ ಮೊದಲಿನಿಂದ ನೋಡಿದ. ವ್ಯತ್ಯಾಸ ಒಂದಾದರೂ ಇರಬಾರದೇ ಎಂದು ಆ ಗಳಿಗೆಯಲ್ಲಿ ಅವನು ಕಬ್ಬಾಳಮ್ಮನನ್ನು ಬೇಡಿಕೊಂಡ.

"ಕಂಪನಿ ಬದಲಾಯಿಸುವಾಗ ನಮ್ಮನ್ನ ಒಂದ್ಮಾತು ಕೇಳಿ, ನಾವೂ ಆಗಾಗ ನೋಡ್ತಾ ಇರ್ತೀವಿ," ಎಂದರು ಡಾಕ್ಟರಮ್ಮ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆದ್ರೆ ಮೂರು ದಿನ ಬಿಟ್ಟುಬಿಡೋದು ಮಾತ್ರ ಯಾವತ್ತೂ ಮಾಡಬೇಡಿ."

ಇತ್ತ ಊರಿನಲ್ಲಿ ಹೆಂಗಸರು, ಗಂಡಸರು ಎಲ್ಲ ಸೇರಿ ಹುಳ ಆರಿಸಿ ಚಂದ್ರಂಕಿಗೆ ಬಿಟ್ಟಿದ್ದರು. ಹಣ್ಣು ಹುಳ ಯಾರ ದುಃಖಕ್ಕೂ ಕಾಯುವುದಿಲ್ಲವಲ್ಲ. ಗೂಡು ಅಂತಿಂಥಾದ್ದಲ್ಲ, ಆ ವರ್ಷ ಊರಲ್ಲೇ ಅಂಥ ಗೂಡು ಬಂದಿರಲಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಸುವ ಮುಕ್ತಿಯಾರ್ ಸಾಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನು ಮಾಲು ಮಾರಾಯ! ಯಾರ ಕೈ ಇದು?" ಎಂದರು. ಪುಟ್ಟಲಿಂಗಯ್ಯ ಬಗ್ಗಿ ಗೂಡಿನ ರಾಶಿ ಸರಿಮಾಡತೊಡಗಿದ. ಸುತ್ತ ಹರಾಜಿನ ಕೂಗು ನಡೆದಿತ್ತು, ಅವನ ಮಾಲಿಗೆ ಅವತ್ತಿನ ಮೇಲಿನ ದರ ಬಿತ್ತು. ಅಂಕಯ್ಯ ಬೆನ್ನು ತಟ್ಟಿದ. ಪುಟ್ಟಲಿಂಗಯ್ಯನಿಗೆ ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಅವನು ಗಾಡಿ ಹತ್ತಿ ಕೂತ.

ತಿಮ್ಮಮ್ಮ ಒಂದೂವರೆ ತಿಂಗಳಾದ ಮೇಲೆ ಮನೆಗೆ ಬಂದಳು. ಬಲಗೈ ಬೆರಳುಗಳು ಒಳಗೆ ಮಡಚಿಕೊಂಡು ಒಂದಕ್ಕೊಂದು ಅಂಟಿದ್ದವು. ಮಾತ್ರೆಗೆ ಮಾತ್ರ ತೊಂದರೆಯಾಗಲಿಲ್ಲ. ಡಾಕ್ಟರಮ್ಮನೇ ನೋಡಿ ಸರ್ಕಾರಿ ಮಾತ್ರೆಗೆ ಬದಲಾಯಿಸಿದ್ದರು. ಪ್ರತಿ ತಿಂಗಳೂ ಕಾವೇರಮ್ಮ ಕವರಿನಲ್ಲಿ ತಂದು ಕೊಡುತ್ತಿದ್ದರು. ಆಮೇಲೆ ಒಮ್ಮೆಯೂ ಅವಳು ಬೀಳಲಿಲ್ಲ. ಅವನು ಬೇಡವೆಂದು ಗಾಜಿನ ಮೇಲೆಯೇ ಬಿಟ್ಟು ಬಂದ ಅದೇ ಮದ್ದು ಅವಳನ್ನು ಕಾಯಿತು.

ಎರಡನೇ ಬೆಳೆಯ ಹುಳ ಹಣ್ಣಾದಾಗ ತಿಮ್ಮಮ್ಮ ತಟ್ಟೆಯ ಮುಂದೆ ಕೂತು ಎಡಗೈಯಲ್ಲಿ ಆರಿಸಲು ನೋಡಿದಳು. ಎರಡು ಹುಳ ಬೆರಳ ಸಂದಿಯಲ್ಲಿ ನಲುಗಿದವು. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಪುಟ್ಟಲಿಂಗಯ್ಯ ಬಂದು ಪಕ್ಕದಲ್ಲಿ ಕೂತ. ಒಳಗೆ ಇಷ್ಟು ದಿನ ಕಲ್ಲಿನ ಹಾಗೆ ಬಿದ್ದಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಮೊದಲನೇ ದಿನಾನೇ ಸಿಕ್ತಿತ್ತು ಕಣಮ್ಮಿ. ಕನಕಪುರದಾಗೆ. ಚನ್ನಲಿಂಗಪ್ಪೋರು ಕೈಗೆ ಕೊಡಾಕೆ ಬಂದ್ರು. ನಾನೇ ಬ್ಯಾಡ ಅಂದೆ."

ಅವಳು ಬೈಯಲಿ ಎಂದು ಅವನು ಕಾದ. ಒಂದು ಮಾತು, ಒಂದೇ ಒಂದು ಕೆಟ್ಟ ಮಾತು ಆಡಿದ್ದರೂ ಅವನು ಬದುಕಿಕೊಳ್ಳುತ್ತಿದ್ದ.

"ನೀವು ಬ್ಯಾಡ ಅಂದಿದ್ರೆ ಏನೋ ಇದ್ದೇ ಇರ್ತದೆ ಬುಡಿ," ಎಂದಳು ಅವಳು. ಎದ್ದು ಒಲೆಗೆ ಸೌದೆ ಹಾಕಲು ಹೋದಳು.

ಊರಿನವರು ಈಗಲೂ ಮೊಟ್ಟೆಯ ಹಾಳೆ ತರುತ್ತಾರೆ. "ಕಣ್ಣು ಕಾಣ್ಸಾಕಿಲ್ಲ, ಅಂಕಯ್ಯಂಗೆ ತೋರ್ಸಿ" ಎಂದು ಕಳಿಸಿಬಿಡುತ್ತಾನೆ. ಅವನ ಕಣ್ಣಿಗೆ ಏನೂ ಆಗಿಲ್ಲ ಎಂದು ಎಲ್ಲರಿಗೂ ಗೊತ್ತು. ಯಾರೂ ಕೆದಕುವುದಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ತಿಮ್ಮಮ್ಮ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈ ಹೆಬ್ಬೆರಳಿನಿಂದ ಎರಡು ಮಾತ್ರೆ ಒತ್ತಿ ತೆಗೆಯುತ್ತಾಳೆ. ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಅವನ ಹತ್ತಿರ ಬರುತ್ತಾಳೆ.

"ನೋಡೋದು ಏನೂ ಇಲ್ಲ ಕಣಮ್ಮಿ, ನುಂಗು," ಎಂದು ಅವನು ಎಷ್ಟೋ ಸಲ ಹೇಳಿದ್ದಾನೆ.

"ನೀವು ನೋಡಿ," ಎನ್ನುತ್ತಾಳೆ ಅವಳು.

ಅವನು ನೋಡುತ್ತಾನೆ. ಬಿಳಿ ಮಾತ್ರೆ ಎರಡು, ಮೇಲೆ ಯಾವ ಮೊಹರೂ ಇರುವುದಿಲ್ಲ. ಅವಳು ಅಂಗೈ ಚಾಚಿಕೊಂಡು ನಿಂತೇ ಇರುತ್ತಾಳೆ. ಕೊನೆಗೆ ಅವನು "ಹೂಂ" ಎನ್ನುತ್ತಾನೆ. ಆಮೇಲೆ ಅವಳು ನುಂಗುತ್ತಾಳೆ.